ಜಾಲದ ಮಾತು, ಗಾಳದ ಮಾತು

ಇಂಗ್ಲಿಷ್ ನಿಘಂಟುಗಳನ್ನು ಹೊರತರುವ ಸಂಸ್ಥೆಗಳು ಪ್ರತಿ ವರ್ಷದ ಕೊನೆಯಲ್ಲಿ ‘ವರ್ಷದ ಪದ’ವೊಂದನ್ನು ಆರಿಸಿ ಘೋಷಿಸುವ ಪರಿಪಾಠವಿದೆ. 2025ರಲ್ಲಿ ಡಿಕ್ಷನರಿ ಡಾಟ್ ಕಾಮ್ ಆರಿಸಿದ್ದು ಪದವನ್ನೇ ಅಲ್ಲ, ಎರಡು ಅಂಕಿಗಳನ್ನು: ‘6-7’. ಓದುವುದು ‘ಸಿಕ್ಸ್ ಸೆವೆನ್’ ಎಂದು. ಅಮೆರಿಕದ ಸ್ಕ್ರಿಲ್ಲಾ ಎಂಬ ರ‍್ಯಾಪ್ ಗಾಯಕನ ಹಾಡಿನಲ್ಲಿ ಬಂದ ಈ ಅಂಕಿಗಳು ಆರಡಿ ಏಳಂಗುಲ ಎತ್ತರದ ಬಾಸ್ಕೆಟ್‌ಬಾಲ್ ಆಟಗಾರನೊಬ್ಬನ ವಿಡಿಯೊಗಳಿಗೆ ಅಂಟಿಕೊಂಡು, ಅಲ್ಲಿಂದ ಶಾಲಾ ಮಕ್ಕಳ ಬಾಯಿಗೆ ಬಂದವು. ಎರಡೂ ಅಂಗೈಗಳನ್ನು ಮೇಲೆ ಮಾಡಿ ತಕ್ಕಡಿಯಂತೆ ಏರಿಳಿಸುತ್ತ ಮಕ್ಕಳು ಇದನ್ನು ಕೂಗುತ್ತಾರೆ. ಅರ್ಥವೇನೆಂದು ಕೇಳಿದರೆ ನಗುತ್ತಾರೆ. ಅದಕ್ಕೆ ನಿಶ್ಚಿತವಾದ ಅರ್ಥವಿಲ್ಲ ಎಂಬುದನ್ನು ಆರಿಸಿದ ನಿಘಂಟಿನವರೂ ಒಪ್ಪಿಕೊಂಡಿದ್ದಾರೆ.

ಮುಂಬಯಿ, ಪುಣೆ, ಹೈದರಾಬಾದಿನ ನಮ್ಮ ಕನ್ನಡ ಮನೆಗಳಲ್ಲಿಯೂ ಇಂತಹ ಪದಗಳು ಈಗ ಊಟದ ಮೇಜಿನವರೆಗೆ ಬಂದಿವೆ. ಮೊಮ್ಮಗ ಆಡಿದ ಮಾತಿನಲ್ಲಿ ಕನ್ನಡ ಎಷ್ಟು, ಹಿಂದಿ ಎಷ್ಟು, ಮರಾಠಿ ಎಷ್ಟು ಎಂದು ಲೆಕ್ಕ ಹಾಕುತ್ತಿದ್ದ ಅಜ್ಜ-ಅಜ್ಜಿಯರಿಗೆ, ಯಾವ ಭಾಷೆಯದೂ ಅಲ್ಲದ ಈ ಮಾತುಗಳು ಎದುರಾಗಿವೆ. ಭಾಷೆ ಕೆಟ್ಟಿತು, ಕಾಲ ಕೆಟ್ಟಿತು ಎಂಬ ನಿಟ್ಟುಸಿರು ಸಹಜವೇ. ಆದರೆ ಓದುಗ ಮಿತ್ರರು ಕೊಂಚ ತಾಳ್ಮೆಯಿಂದ ಯೋಚಿಸಬೇಕೆಂದು ನನ್ನ ವಿನಂತಿ. ಅಂತರ್ಜಾಲದಲ್ಲಿ ಹುಟ್ಟುವ ಹೊಸ ಪದಗಳೆಲ್ಲ ಒಂದೇ ಜಾತಿಯವಲ್ಲ. ಪದವನ್ನು ಹುಟ್ಟಿಸಿದವರು ಯಾರು, ಅದು ಯಾರಿಗಾಗಿ ದುಡಿಯುತ್ತಿದೆ ಎಂದು ಕೇಳಿಕೊಂಡರೆ, ನಾವು ನಗಬೇಕಾದ ಪದಗಳಿಗೆ ಅಂಜುತ್ತಿದ್ದೇವೆ, ಅಂಜಬೇಕಾದ ಪದಗಳನ್ನು ಯಾವ ಶಂಕೆಯೂ ಇಲ್ಲದೆ ಬಳಸುತ್ತಿದ್ದೇವೆ ಎಂಬುದು ಗೋಚರಿಸುತ್ತದೆ.

ಮೊದಲು ನಗಬೇಕಾದವುಗಳನ್ನು ನೋಡೋಣ. ‘ರಿಜ್’ ಎಂಬುದು ಆಕ್ಸ್‌ಫರ್ಡ್‌ನವರ 2023ರ ಪದ. ಕರಿಜ್ಮಾ ಎಂಬ ಹಳೆಯ ಪದದ ತಲೆ-ಬಾಲ ಕತ್ತರಿಸಿ ನಡುವನ್ನು ಉಳಿಸಿಕೊಂಡದ್ದು; ಎದುರಿನವರನ್ನು ಒಲಿಸಿಕೊಳ್ಳುವ ಸೊಗಸು ಎಂದು ಅರ್ಥ. ‘ಡೆಲುಲು’ ಎಂದರೆ ಭ್ರಮಾಧೀನ. ಕೊರಿಯಾದ ಪಾಪ್ ಗಾಯಕರ ಅಭಿಮಾನಿಗಳ ವಲಯದಲ್ಲಿ ಬೆಳೆದ ಈ ಪದವನ್ನು 2025ರ ಮಾರ್ಚಿಯಲ್ಲಿ ಆಸ್ಟ್ರೇಲಿಯಾದ ಪ್ರಧಾನಿ ಆಂಥನಿ ಆಲ್ಬನೀಸಿ ತಮ್ಮ ಸಂಸತ್ತಿನಲ್ಲಿಯೇ ವಿರೋಧ ಪಕ್ಷವನ್ನು ಹಂಗಿಸಲು ಬಳಸಿದರು. ‘ಸ್ಕಿಬಿಡಿ’ ಎಂಬುದು 2023ರಲ್ಲಿ ಯೂಟ್ಯೂಬಿನಲ್ಲಿ ಆರಂಭವಾದ ಒಂದು ವಿಚಿತ್ರ ಅನಿಮೇಶನ್ ಸರಣಿಯಿಂದ ಬಂದದ್ದು. ಸಂದರ್ಭಕ್ಕೆ ತಕ್ಕಂತೆ ಒಳ್ಳೆಯದು, ಕೆಟ್ಟದ್ದು ಎಂದಾಗಬಹುದು, ಏನೂ ಆಗದೆಯೂ ಇರಬಹುದು. ಕೇಂಬ್ರಿಜ್ ನಿಘಂಟು ಇದನ್ನು 2025ರಲ್ಲಿ ಒಳಗೆ ಬಿಟ್ಟುಕೊಂಡಿತು. ಇನ್ನು 2024ರ ಆಕ್ಸ್‌ಫರ್ಡ್ ಪದವಾದ ‘ಬ್ರೇನ್ ರಾಟ್’, ಅಂದರೆ ಮಿದುಳಿನ ಕೊಳೆತ, ಹೊಸದೇ ಅಲ್ಲ. ಹೆನ್ರಿ ಡೇವಿಡ್ ಥೋರೊ 1854ರಷ್ಟು ಹಿಂದೆ ‘ವಾಲ್ಡನ್’ ಕೃತಿಯಲ್ಲಿ ಅದನ್ನು ಬಳಸಿದ್ದ.

ಇವುಗಳಿಂದ ಕನ್ನಡಕ್ಕೆ ಆಗುವ ನಷ್ಟ ಅಷ್ಟಕ್ಕಷ್ಟೆ. ಪ್ರತಿ ಅಕ್ಷರಕ್ಕೂ ‘ಕ’ ಜೋಡಿಸಿ ಹಿರಿಯರಿಗೆ ತಿಳಿಯದಂತೆ ಮಾತನಾಡುವ ‘ಕ’ ಭಾಷೆಯನ್ನು ನಮ್ಮ ತಲೆಮಾರಿನ ಎಷ್ಟೋ ಮಕ್ಕಳು ಬಲ್ಲವರಾಗಿದ್ದರು. ದನಗಳ ಜಾತ್ರೆಯಲ್ಲಿ ದಲ್ಲಾಳಿಗಳು ಟವೆಲಿನ ಅಡಿಯಲ್ಲಿ ಬೆರಳು ಹಿಡಿದು ಬೆಲೆ ಕುದುರಿಸುತ್ತಿದ್ದುದೂ ಪಕ್ಕದವನಿಗೆ ತಿಳಿಯಬಾರದೆಂಬ ಭಾಷೆಯೇ. ಮುಂಬಯಿಗೆ ಬಂದ ನಮ್ಮವರು ‘ಬಿಂದಾಸ್’, ‘ಝಕಾಸ್’, ‘ಖಾಲಿಪೀಲಿ’ಗಳನ್ನು ಕನ್ನಡ ವಾಕ್ಯಗಳ ನಡುವೆ ಹೇಗೆ ಕೂರಿಸಿಕೊಂಡರೆಂಬುದು ಎಲ್ಲರಿಗೂ ಗೊತ್ತು. ಪಡೆದಷ್ಟೇ ಅಲ್ಲ, ಕೊಟ್ಟದ್ದೂ ಉಂಟು. ದಕ್ಷಿಣದ ನಮ್ಮೆಲ್ಲರ ‘ಅಯ್ಯೋ’ 2016ರಲ್ಲಿ ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನೊಳಗೆ ಹೋಗಿ ಕುಳಿತಿತು. ಮಕ್ಕಳ ಪದಗಳಿಗೆ ಆಯುಸ್ಸು ಕಡಿಮೆ. ಅಪ್ಪ-ಅಮ್ಮ ಬಳಸತೊಡಗಿದ ದಿನವೇ ಮಕ್ಕಳು ಅವುಗಳನ್ನು ಕೈಬಿಡುತ್ತಾರೆ. ನಿಘಂಟಿಗೆ ಸೇರಿದ ಮೇಲಂತೂ ಕೇಳುವುದೇ ಬೇಡ.

ಎರಡನೆಯ ಬಗೆಯ ಪದಗಳನ್ನು ಮಾತ್ರ ಇಷ್ಟು ಹಗುರವಾಗಿ ಕಾಣಲಾಗದು. ಸಾವು, ಕೊಲೆ, ಆತ್ಮಹತ್ಯೆ ಎಂಬ ಮಾತುಗಳಿದ್ದರೆ ತಮ್ಮ ವಿಡಿಯೊವನ್ನು ಯಂತ್ರವು ತಡೆದೀತು ಅಥವಾ ಹಿಂದಕ್ಕೆ ತಳ್ಳೀತು ಎಂಬ ಭಯದಿಂದ ಟಿಕ್‌ಟಾಕ್ ಬಳಕೆದಾರರು ‘ಅನ್‌ಅಲೈವ್’ ಎಂಬ ಪದವನ್ನು ಚಲಾವಣೆಗೆ ತಂದರು. ‘ಜೀವಂತವಲ್ಲದಂತೆ ಮಾಡು’ ಎಂಬುದು ಅದರ ಅರ್ಥ. ಟಿಕ್‌ಟಾಕ್ ಭಾರತದಲ್ಲಿ 2020ರ ಜೂನ್‌ನಲ್ಲಿಯೇ ನಿಷೇಧಗೊಂಡರೂ, ಪದಕ್ಕೆ ನಿಷೇಧವಿಲ್ಲವಲ್ಲ. ಅದು ಇನ್‌ಸ್ಟಾಗ್ರಾಮ್, ಯೂಟ್ಯೂಬ್‌ಗಳ ಮೂಲಕ ಎಲ್ಲೆಡೆ ಹರಡಿತು. 2024ರಲ್ಲಿ ಅಮೆರಿಕದ ಸಿಯಾಟಲ್ ನಗರದ ವಸ್ತುಸಂಗ್ರಹಾಲಯವೊಂದರಲ್ಲಿ ಗಾಯಕ ಕರ್ಟ್ ಕೋಬೇನ್‌ನ ಆತ್ಮಹತ್ಯೆಯನ್ನು ವಿವರಿಸುವ ಫಲಕದ ಮೇಲೆಯೇ ಈ ಪದ ಕಾಣಿಸಿಕೊಂಡು ಜನರ ಆಕ್ಷೇಪಕ್ಕೆ ಗುರಿಯಾಯಿತು. ಯಂತ್ರಕ್ಕೆ ಹೆದರಿ ಮಾಡಿಕೊಂಡ ಪದವನ್ನು ಯಂತ್ರವಿಲ್ಲದ ಗೋಡೆಯ ಮೇಲೆಯೂ ಮನುಷ್ಯರು ಬರೆಯತೊಡಗಿದ್ದರು.

ಇಲ್ಲಿನ ಅಪಾಯ ಭಾಷೆಯದಲ್ಲ, ಮನೆಯದು. ಹದಿನೈದು ವರ್ಷದ ಮಗಳು ಗೆಳತಿಗೆ ಬರೆದ ಸಾಲಿನಲ್ಲಿ ಈ ಪದವಿದ್ದರೆ, ಪಕ್ಕದಲ್ಲೇ ಕುಳಿತ ತಂದೆ ಓದಿದರೂ ಅದು ಹುಡುಗಾಟದ ಇನ್ನೊಂದು ಮಾತೆಂದು ತಿಳಿದು ಸುಮ್ಮನಾಗಬಹುದು. 2025ರ ಮಾರ್ಚಿಯಲ್ಲಿ ನೆಟ್‌ಫ್ಲಿಕ್ಸ್‌ನಲ್ಲಿ ಬಂದ ‘ಅಡೊಲೆಸೆನ್ಸ್’ ಎಂಬ ಬ್ರಿಟಿಷ್ ಸರಣಿಯನ್ನು ನೋಡಿದವರಿಗೆ ಇದು ಚೆನ್ನಾಗಿ ನೆನಪಿರುತ್ತದೆ. ಸಹಪಾಠಿಯ ಕೊಲೆಯ ಆರೋಪ ಹೊತ್ತ ಹದಿಮೂರರ ಬಾಲಕನ ತನಿಖೆಯಲ್ಲಿ, ಆ ಬಾಲಕನಿಗೆ ಬಂದ ಪುಟ್ಟ ಪುಟ್ಟ ಚಿತ್ರಸಂಕೇತಗಳನ್ನು ಪೊಲೀಸ್ ಅಧಿಕಾರಿ ಸ್ನೇಹದ ಮಾತುಗಳೆಂದೇ ತಿಳಿದಿರುತ್ತಾನೆ. ಅವು ಮೂದಲಿಕೆಗಳೆಂದು ಅವನಿಗೆ ಹೇಳಿಕೊಡುವವನು ಅದೇ ಶಾಲೆಯಲ್ಲಿ ಓದುವ ಅವನ ಸ್ವಂತ ಮಗ. ಕಥೆ ಕಲ್ಪಿತವಾದರೂ ನಮ್ಮ ಮನೆಗಳ ಸ್ಥಿತಿ ಅದಕ್ಕಿಂತ ಬಹಳ ಬೇರೆಯೇನಲ್ಲ. ಮಕ್ಕಳ ಮಾತನ್ನು ಗೇಲಿ ಮಾಡುವ ಹಿರಿಯರಿಗೆ ಮಕ್ಕಳು ಅರ್ಥ ಹೇಳುವುದಿಲ್ಲ; ಕುತೂಹಲದಿಂದ ಕೇಳಿದರೆ ಹೇಳುತ್ತಾರೆ. ಅಂದಹಾಗೆ, ಮನಸ್ಸಿನ ಸಂಕಟಕ್ಕೆ ಕೇಂದ್ರ ಸರಕಾರ 2022ರಲ್ಲಿ ಆರಂಭಿಸಿದ ‘ಟೆಲಿ ಮಾನಸ್’ ಸಹಾಯವಾಣಿಯ ಸಂಖ್ಯೆ 14416. ಅದರ ಮೇಲ್ವಿಚಾರಣೆಯಲ್ಲಿ ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಮುಖ್ಯ ಪಾತ್ರ ವಹಿಸಿದೆ, ಕನ್ನಡದಲ್ಲಿಯೂ ಮಾತನಾಡಬಹುದು. ಹೊರನಾಡಿನಲ್ಲಿ ಇದು ಎಷ್ಟು ಜನರಿಗೆ ಗೊತ್ತಿದೆಯೋ!

ಇನ್ನು ಮೂರನೆಯ ಬಗೆ. ಬ್ಯಾಂಕಿನ ಕೌಂಟರಿನ ಒಳಗಡೆ ಕುಳಿತು ಮೂರು ದಶಕ ಸವೆಸಿದ ನನಗೆ ನಿದ್ದೆಗೆಡಿಸಿದ ಹೊಸ ಪದವೆಂದರೆ ಮಕ್ಕಳದ್ದಲ್ಲ, ವಂಚಕರು ಹುಟ್ಟಿಸಿದ್ದು: ‘ಡಿಜಿಟಲ್ ಅರೆಸ್ಟ್’.

ಇದರ ಕಾರ್ಯವಿಧಾನ ಈಗ ಬಹುತೇಕ ಎಲ್ಲರಿಗೂ ತಿಳಿದದ್ದೇ. ನಿಮ್ಮ ಹೆಸರಿನ ಪಾರ್ಸೆಲಿನಲ್ಲಿ ಮಾದಕ ವಸ್ತು ಸಿಕ್ಕಿದೆ, ಅಥವಾ ನಿಮ್ಮ ಆಧಾರ್ ಬಳಸಿ ತೆಗೆದ ಸಿಮ್ ಕಾರ್ಡಿನಿಂದ ಹವಾಲಾ ವ್ಯವಹಾರ ನಡೆದಿದೆ ಎಂಬ ಕರೆ ಬರುತ್ತದೆ. ಕರೆಯನ್ನು ‘ಮುಂಬಯಿ ಪೊಲೀಸ್’ಗೋ ಸಿ.ಬಿ.ಐ.ಗೋ ವರ್ಗಾಯಿಸಿದಂತೆ ನಟಿಸುತ್ತಾರೆ. ವಿಡಿಯೊದಲ್ಲಿ ಸಮವಸ್ತ್ರಧಾರಿಯೊಬ್ಬ ಪ್ರತ್ಯಕ್ಷನಾಗುತ್ತಾನೆ. ಹಿಂದಿನ ಗೋಡೆಯ ಮೇಲೆ ಲಾಂಛನ, ಮೇಜಿನ ಮೇಲೆ ಕಡತ. ನೀವು ‘ಡಿಜಿಟಲ್ ಅರೆಸ್ಟ್’ ಆಗಿದ್ದೀರಿ, ಕ್ಯಾಮೆರಾ ಬಿಟ್ಟು ಏಳುವಂತಿಲ್ಲ, ಮನೆಯವರಿಗೆ ಹೇಳುವಂತಿಲ್ಲ, ಹಣವನ್ನು ಪರಿಶೀಲನೆಗಾಗಿ ಈ ಖಾತೆಗೆ ವರ್ಗಾಯಿಸಿ, ನಿರಪರಾಧಿಯೆಂದು ತಿಳಿದ ಮೇಲೆ ಮರಳಿ ಬರುತ್ತದೆ ಎನ್ನುತ್ತಾನೆ. 2024ರಲ್ಲಿ ಲುಧಿಯಾನದ ಹೆಸರಾಂತ ಹಿರಿಯ ಜವಳಿ ಉದ್ಯಮಿಯೊಬ್ಬರಿಗೆ ಸುಪ್ರೀಂ ಕೋರ್ಟಿನ ನಕಲಿ ವಿಚಾರಣೆಯನ್ನೇ ತೋರಿಸಿ 7 ಕೋಟಿ ರೂಪಾಯಿ ಕಸಿದುಕೊಂಡರು. ದೊಡ್ಡ ಕಂಪನಿಯನ್ನು ಕಟ್ಟಿ ಬೆಳೆಸಿದವರ ಪಾಡೇ ಹೀಗಾದರೆ ಪಿಂಚಣಿದಾರರ ಮಾತೇನು?

ಸಂಸತ್ತಿಗೆ ಕೇಂದ್ರ ಗೃಹ ಸಚಿವಾಲಯ 2025ರ ಮಾರ್ಚಿಯಲ್ಲಿ ಕೊಟ್ಟ ಅಂಕಿ-ಅಂಶ ಹೀಗಿದೆ: ಈ ವಂಚನೆ ಮತ್ತು ಅದಕ್ಕೆ ಸಂಬಂಧಿಸಿದ ಸೈಬರ್ ಅಪರಾಧಗಳ ದೂರುಗಳು 2022ರಲ್ಲಿ 39,925, 2024ರಲ್ಲಿ 1,23,672. ಕಳೆದುಹೋದ ಹಣ 2022ರಲ್ಲಿ 91.14 ಕೋಟಿ ರೂ. ಇದ್ದದ್ದು 2024ರಲ್ಲಿ 1,935.51 ಕೋಟಿ ರೂ. ಆಯಿತು. ದೂರುಗಳು ಮೂರು ಪಟ್ಟು ಹೆಚ್ಚಿದರೆ ಹಣ ಇಪ್ಪತ್ತೊಂದು ಪಟ್ಟು ಹೆಚ್ಚಿದೆ. ಅಂದರೆ ವಂಚಕರು ಸಣ್ಣ ಮೀನನ್ನು ಬಿಟ್ಟು ದೊಡ್ಡ ಮೀನಿಗೆ ಗಾಳ ಹಾಕಲು ಕಲಿತರು. ದೊಡ್ಡ ಮೀನೆಂದರೆ ಶ್ರೀಮಂತರಷ್ಟೇ ಎಂದು ಭಾವಿಸಬಾರದು. ಜೀವಮಾನದ ಉಳಿತಾಯವನ್ನು ಎಫ್.ಡಿ.ಯಲ್ಲಿಟ್ಟು, ಮಕ್ಕಳು ಪರದೇಶದಲ್ಲಿದ್ದು, ಮನೆ ಬಾಗಿಲಿಗೆ ಎಂದೂ ಪೊಲೀಸರು ಬಾರದಂತೆ ಬದುಕಿದ ನಮ್ಮಂತಹ ಕುಟುಂಬಗಳೂ ಅದರಲ್ಲಿ ಸೇರುತ್ತವೆ. ಇಂತಹವರಿಗೆ ಹಣಕ್ಕಿಂತ ಮಾನದ ಭಯ ದೊಡ್ಡದು. ಸೊಸೈಟಿಯಲ್ಲಿ ನಾಲ್ಕು ಜನ ಏನೆಂದಾರು, ಸಂಘದ ಸಭೆಗೆ ಹೇಗೆ ಮುಖ ತೋರಿಸುವುದು ಎಂಬ ಅಂಜಿಕೆಯನ್ನು ಆ ಎರಡು ಪದಗಳು ನೇರವಾಗಿ ತಟ್ಟುತ್ತವೆ. ಶಾಖೆಗೆ ಬಂದು ಅವಧಿಗೆ ಮೊದಲೇ ಠೇವಣಿ ಮುರಿಸುವ ವೃದ್ಧರ ಅಂಗಿಯ ಕಿಸೆಯಲ್ಲಿ ಫೋನು ಚಾಲೂ ಇರುತ್ತದೆ. ಏನು ಅವಸರ ಎಂದು ನಾವು ಕೇಳಿದರೆ ಮಗಳ ಮದುವೆ, ಮನೆ ಖರೀದಿ ಎಂದು ಕಂಠಪಾಠ ಒಪ್ಪಿಸಿದಂತೆ ಹೇಳುತ್ತಾರೆ. ಆ ಪಾಠವನ್ನು ಹೇಳಿಕೊಟ್ಟವನು ಕಿಸೆಯಲ್ಲಿ ಕುಳಿತು ಕೇಳಿಸಿಕೊಳ್ಳುತ್ತಿರುತ್ತಾನೆ.

ಈಗ ಪದವನ್ನೇ ಬಿಡಿಸಿ ನೋಡೋಣ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 43ನೆಯ ಕಲಮು ಬಂಧನ ಎಂದರೇನೆಂದು ವಿಧಿಸುತ್ತದೆ. ಬಂಧಿಸುವ ಅಧಿಕಾರಿ ಆ ವ್ಯಕ್ತಿಯ ದೇಹವನ್ನು ಮುಟ್ಟಬೇಕು ಅಥವಾ ತಡೆದಿಡಬೇಕು. ವ್ಯಕ್ತಿ ತಾನಾಗಿಯೇ ಮಾತಿನಿಂದ ಅಥವಾ ಕೃತಿಯಿಂದ ಶರಣಾದರೆ ಮಾತ್ರ ಅದರ ಅಗತ್ಯವಿಲ್ಲ. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 46ನೆಯ ಕಲಮೂ ಇದನ್ನೇ ಹೇಳುತ್ತಿತ್ತು. ಹೀಗಿರುವಾಗ ಪರದೆಯೊಳಗಿನಿಂದ ಅರೆಸ್ಟ್ ಎಂಬುದೇ ವದತೋವ್ಯಾಘಾತ. ವಂಚಕ ಮಾಡುವ ಚಮತ್ಕಾರವೆಂದರೆ, ಮುಟ್ಟಲಾಗದ ದೇಹವನ್ನು ಬಿಟ್ಟು ಮಾತಿನಿಂದಲೇ ಮನುಷ್ಯನನ್ನು ಶರಣಾಗಿಸುವುದು. ಅದಕ್ಕೆ ಅವನಿಗೆ ಬೇಕಾದದ್ದು ಕೈಕೋಳವಲ್ಲ. ಕೇಳಲು ಕಾನೂನಿನಂತಿರುವ ಒಂದು ಪದ ಸಾಕು. ಬ್ಯಾಂಕಿಂಗ್ ಡಿಜಿಟಲ್ ಆಯಿತು, ಪಾವತಿ ಡಿಜಿಟಲ್ ಆಯಿತು, ಜೀವನ ಪ್ರಮಾಣಪತ್ರವೂ ಡಿಜಿಟಲ್ ಆಯಿತು. ಅರೆಸ್ಟ್ ಏಕಾಗಬಾರದು ಎಂದು ಹಿರಿಯರಿಗೆ ಅನ್ನಿಸಿದರೆ ಅದು ದಡ್ಡತನವಲ್ಲ. ಹತ್ತು ವರ್ಷಗಳಿಂದ ಸರಕಾರ, ಬ್ಯಾಂಕು ಎರಡೂ ಅವರಿಗೆ ಕಲಿಸಿದ ತರ್ಕವೇ ಅದು.

ಪ್ರಧಾನಿ ನರೇಂದ್ರ ಮೋದಿಯವರು 2024ರ ಅಕ್ಟೋಬರ್ 27ರ ‘ಮನ್ ಕಿ ಬಾತ್’ನಲ್ಲಿ, ಡಿಜಿಟಲ್ ಅರೆಸ್ಟ್ ಎಂಬ ಯಾವ ವ್ಯವಸ್ಥೆಯೂ ಕಾನೂನಿನಲ್ಲಿ ಇಲ್ಲವೆಂದು ಸ್ಪಷ್ಟಪಡಿಸಿದರು. ಅಂದು ಅವರು ದೇಶಕ್ಕೆ ಕೇಳಿಸಿದ ವಂಚಕನ ಸಂಭಾಷಣೆ ವಿಜಯಪುರದ ಕನ್ನಡಿಗರೊಬ್ಬರು ಸಮಯಪ್ರಜ್ಞೆಯಿಂದ ಚಿತ್ರೀಕರಿಸಿಕೊಂಡದ್ದು ಎಂಬುದು ನಮಗೆ ಹೆಮ್ಮೆಯ ಸಂಗತಿ. ಹರಿಯಾಣದ ಅಂಬಾಲಾದ ವೃದ್ಧ ದಂಪತಿ ನ್ಯಾಯಾಲಯದ ನಕಲಿ ಆದೇಶಗಳಿಗೆ ಹೆದರಿ ಒಂದು ಕೋಟಿಗೂ ಮಿಕ್ಕಿ ಕಳೆದುಕೊಂಡು ಬರೆದ ದೂರಿನ ಮೇಲೆ, 2025ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟ್ ಸ್ವಯಂಪ್ರೇರಿತವಾಗಿ ಪ್ರಕರಣ ಕೈಗೆತ್ತಿಕೊಂಡಿತು. ಡಿಸೆಂಬರ್ 1ರಂದು ದೇಶಾದ್ಯಂತದ ಇಂತಹ ಪ್ರಕರಣಗಳ ತನಿಖೆಯನ್ನು ಸಿ.ಬಿ.ಐ.ಗೆ ಒಪ್ಪಿಸಿತು. ಇವೆಲ್ಲ ಸ್ವಾಗತಾರ್ಹವೇ. ಆದರೆ ಆ ಪ್ರಕರಣದ ಶೀರ್ಷಿಕೆಯಲ್ಲಿಯೇ ‘ಡಿಜಿಟಲ್ ಅರೆಸ್ಟ್‌ಗೆ ತುತ್ತಾದವರು’ ಎಂಬ ಅರ್ಥದ ಮಾತಿದೆ. ಇಲ್ಲದ ಬಂಧನದ ಹೆಸರು ದೇಶದ ಅತ್ಯುನ್ನತ ನ್ಯಾಯಾಲಯದ ಕಡತವನ್ನೇ ಸೇರಿತು.

ಕನ್ನಡ ಪತ್ರಿಕೆಗಳಂತೂ ಅದನ್ನು ‘ಡಿಜಿಟಲ್ ಬಂಧನ’ ಎಂದು ಭಾಷಾಂತರಿಸಿ, ಉದ್ಧರಣ ಚಿಹ್ನೆಯನ್ನೂ ಹಾಕದೆ ತಲೆಬರಹ ಮಾಡುತ್ತಿವೆ. ನಮ್ಮ ವ್ಯಾಕರಣದಲ್ಲಿ ಅರಿಸಮಾಸ ಎಂಬುದೊಂದಿದೆ. ಕನ್ನಡ ಪದಕ್ಕೂ ಸಂಸ್ಕೃತ ಪದಕ್ಕೂ ಸಲ್ಲದ ಸಂಬಂಧ ಕಲ್ಪಿಸುವುದು. ಇದು ಇಂಗ್ಲಿಷ್-ಸಂಸ್ಕೃತಗಳ ಕೂಡಾವಳಿಯಾದ್ದರಿಂದ ಶಾಸ್ತ್ರದ ಪ್ರಕಾರ ಅದರ ಲೆಕ್ಕಕ್ಕೆ ಬಾರದು. ಆದರೂ ‘ಅರಿ’ ಎಂದರೆ ಶತ್ರು ಎಂಬ ಅರ್ಥ ಹಿಡಿದರೆ, ಇದಕ್ಕಿಂತ ಒಪ್ಪುವ ಉದಾಹರಣೆ ಬೇರೆ ಸಿಗಲಾರದು. ‘ನಿವೃತ್ತ ಶಿಕ್ಷಕಿ ಮೂರು ದಿನ ಡಿಜಿಟಲ್ ಬಂಧನದಲ್ಲಿ’ ಎಂಬಂತಹ ತಲೆಬರಹವನ್ನು ಓದಿದ ಹಿರಿಯರ ಮನಸ್ಸಿನಲ್ಲಿ ಉಳಿಯುವುದು ವಂಚನೆ ಅಲ್ಲ, ಹಾಗೊಂದು ಬಂಧನ ಉಂಟು ಎಂಬುದೇ. ನಾಳೆ ಅವರಿಗೇ ಕರೆ ಬಂದಾಗ ಆ ಪದ ಈಗಾಗಲೇ ಪರಿಚಿತವಾಗಿರುತ್ತದೆ. ವಂಚಕನಿಗೆ ಬಿಟ್ಟಿ ಜಾಹೀರಾತು. ‘ನಕಲಿ ಪೊಲೀಸರ ಸುಲಿಗೆ’ ಎಂದು ಬರೆದರೆ ಜಾಗವೂ ಹೆಚ್ಚು ಬೇಕಿಲ್ಲ, ಅರ್ಥವೂ ಕೆಡುವುದಿಲ್ಲ.

ಪದ ಬದಲಾಯಿಸಿದರೆ ಅಪರಾಧ ನಿಲ್ಲುತ್ತದೆಯೇ ಎಂದು ಕೆಲವರು ಕೇಳಿಯಾರು. ನಿಲ್ಲುವುದಿಲ್ಲ. ಆದರೆ ಪೊಲೀಸ್ ಸಂಸ್ಥೆಗಳೇ ಈ ಮಾತನ್ನು ಗಂಭೀರವಾಗಿ ತೆಗೆದುಕೊಂಡಿವೆ ಎಂಬುದಕ್ಕೆ ಪುರಾವೆಯಿದೆ. ಪ್ರೀತಿಯ ನಾಟಕವಾಡಿ, ತಿಂಗಳುಗಟ್ಟಲೆ ನಂಬಿಕೆ ಬೆಳೆಸಿ, ಕೊನೆಗೆ ನಕಲಿ ಹೂಡಿಕೆಯಲ್ಲಿ ಹಣ ತೊಡಗಿಸುವಂತೆ ಮಾಡಿ ದೋಚುವ ವಂಚನೆಗೆ ‘ಪಿಗ್ ಬುಚರಿಂಗ್’ ಎಂಬ ಹೆಸರು ರೂಢಿಯಲ್ಲಿತ್ತು. ಚೀನೀ ಭಾಷೆಯಿಂದ ಬಂದ ಪದವಿದು: ಹಂದಿಯನ್ನು ಕೊಬ್ಬಿಸಿ ಕಡಿಯುವುದು. ಹೆಸರಿಟ್ಟವರು ವಂಚಕರೇ, ಹಂದಿಯೆಂದರೆ ಹಣ ಕಳೆದುಕೊಂಡವರು. ತನ್ನನ್ನು ಹಂದಿಯೆಂದು ಕರೆಯುವ ಅಪರಾಧದ ಬಗ್ಗೆ ಯಾರು ತಾನೇ ಠಾಣೆಗೆ ಹೋಗಿ ದೂರು ಬರೆಸಿಯಾರು? ಇದನ್ನು ಮನಗಂಡ ಇಂಟರ್‌ಪೋಲ್ 2024ರ ಡಿಸೆಂಬರಿನಲ್ಲಿ, ಆ ಪದವನ್ನು ಕೈಬಿಟ್ಟು ‘ರೊಮ್ಯಾನ್ಸ್ ಬೇಟಿಂಗ್’ ಎಂದು ಕರೆಯುವಂತೆ ಎಲ್ಲರಿಗೂ ಮನವಿ ಮಾಡಿತು. ಪ್ರೀತಿಯ ಗಾಳ ಎಂದರಾಯಿತು. ಗಾಳ ಎಂದೊಡನೆ ಅದನ್ನು ಹಿಡಿದ ಕೈಯೊಂದು ಕಣ್ಣ ಮುಂದೆ ಬರುತ್ತದೆ.

ಈ ವಿಷಯದಲ್ಲಿ ಕನ್ನಡದ ಹಳೆಯ ಆಡುಮಾತು ಎಷ್ಟು ಚುರುಕಾಗಿದೆ ನೋಡಿ. ಟೋಪಿ ಹಾಕಿದ, ಪಂಗನಾಮ ಹಾಕಿದ, ಕಿವಿಗೆ ಹೂ ಇಟ್ಟ, ಕಾಗೆ ಹಾರಿಸಿದ. ಪ್ರತಿಯೊಂದರಲ್ಲಿಯೂ ಕ್ರಿಯೆ ಮಾಡುವವನು ವಂಚಕ; ವಾಕ್ಯದ ಕರ್ತೃಪದದ ಸ್ಥಾನದಲ್ಲಿ ನಿಂತು ಸಿಕ್ಕಿಬೀಳುವವನೂ ಅವನೇ. ಆದರೆ ನಾವೀಗ ಗಂಭೀರವಾಗಿ ಬರೆಯುವಾಗ ‘ಮಹಿಳೆ ಮೋಸ ಹೋದರು’, ‘ವೃದ್ಧರು ಹಣ ಕಳೆದುಕೊಂಡರು’ ಎನ್ನುತ್ತೇವೆ. ಇಲ್ಲಿ ಕ್ರಿಯೆಯೆಲ್ಲ ನೊಂದವರದೇ. ಕದ್ದವನು ವಾಕ್ಯದಲ್ಲಿಯೇ ಇಲ್ಲ. ಇದರ ಹಿಂದೆಯೇ ‘ಇಷ್ಟು ಓದಿದವರಿಗೆ ಅಷ್ಟೂ ತಿಳಿಯಲಿಲ್ಲವೇ’ ಎಂಬ ಮಾತು ಬರುತ್ತದೆ. ಅದನ್ನು ನೆನೆದೇ ಎಷ್ಟೋ ಹಿರಿಯರು ಮಗನಿಗೂ ಹೇಳದೆ, ಠಾಣೆಗೂ ಹೋಗದೆ ನುಂಗಿಕೊಂಡು ಕುಳಿತುಬಿಡುತ್ತಾರೆ. ಅಷ್ಟರಲ್ಲಿ ಹಣ ಹತ್ತು ಖಾತೆಗಳನ್ನು ದಾಟಿರುತ್ತದೆ.

ಆ ಹತ್ತು ಖಾತೆಗಳಿಗೂ ಒಂದು ಹೆಸರಿದೆ: ‘ಮ್ಯೂಲ್ ಅಕೌಂಟ್’. ಮ್ಯೂಲ್ ಎಂದರೆ ಹೇಸರಗತ್ತೆ, ಪರರ ಹೊರೆ ಹೊರುವ ಪ್ರಾಣಿ. ನಮ್ಮ ಸುತ್ತೋಲೆಗಳಲ್ಲಿ ಈ ಪದ ಧಾರಾಳವಾಗಿ ಬರುತ್ತದೆ. ರಿಸರ್ವ್ ಬ್ಯಾಂಕಿನ ಅಂಗಸಂಸ್ಥೆ ಇಂತಹ ಖಾತೆಗಳನ್ನು ಪತ್ತೆಹಚ್ಚಲು ರೂಪಿಸಿದ ಕೃತಕ ಬುದ್ಧಿಮತ್ತೆಯ ಸಾಧನದ ಹೆಸರೂ ‘ಮ್ಯೂಲ್ ಹಂಟರ್’. ಆದರೆ ಕಾಲೇಜಿಗೆ ಹೋಗುವ ಹುಡುಗನಿಗೆ ಈ ಪದ ಏನನ್ನೂ ಹೇಳುವುದಿಲ್ಲ. ಗೆಳೆಯನ ಗೆಳೆಯನೊಬ್ಬ ಬಂದು, ನಿನ್ನ ಖಾತೆಯನ್ನು ಎರಡು ತಿಂಗಳು ಬಳಸಿಕೊಳ್ಳುತ್ತೇನೆ, ಏಳೆಂಟು ಸಾವಿರ ಕೊಡುತ್ತೇನೆ ಎಂದಾಗ ಅವನು ಎ.ಟಿ.ಎಂ. ಕಾರ್ಡನ್ನೂ ಸಿಮ್ಮನ್ನೂ ಕೊಟ್ಟುಬಿಡುತ್ತಾನೆ. ಯಾವುದೋ ಊರಿನ ಪೊಲೀಸರು ಬಾಗಿಲು ತಟ್ಟಿದಾಗಲೇ ಮನೆಯವರಿಗೆ ತಿಳಿಯುವುದು. ಆಗ ಆಗುವ ಬಂಧನ ಡಿಜಿಟಲ್ ಆಗಿರುವುದಿಲ್ಲ. ‘ಬಾಡಿಗೆ ಖಾತೆ’ ಎಂದು ಹೇಳಿದ್ದರೆ ಅವನಿಗೂ ಅರ್ಥವಾಗುತ್ತಿತ್ತು, ಅವನ ತಾಯಿಗೂ ಅರ್ಥವಾಗುತ್ತಿತ್ತು. ಬ್ಯಾಂಕಿನ ಕನ್ನಡ, ಮರಾಠಿ, ತಮಿಳು ಫಲಕಗಳಲ್ಲಿ ಈ ಬಗೆಯ ಪದಗಳನ್ನು ಬಳಸಬೇಕೆಂದು ನನ್ನ ಅಭಿಪ್ರಾಯ. ಸುತ್ತೋಲೆಯ ಇಂಗ್ಲಿಷನ್ನು ಪದಕ್ಕೆ ಪದ ಇಳಿಸಿ ಗೋಡೆಗೆ ಅಂಟಿಸುವುದರಿಂದ ಲೆಕ್ಕಪರಿಶೋಧಕರಿಗೆ ತೃಪ್ತಿಯಾದೀತೇ ಹೊರತು ಗ್ರಾಹಕರಿಗೆ ರಕ್ಷಣೆ ದೊರೆಯದು.

ಹೊರನಾಡಿನ ಕನ್ನಡ ಸಂಘಗಳಿಗೆ ಇಲ್ಲಿ ಒಂದು ಕೆಲಸವಿದೆ, ಅದಕ್ಕೆ ಹೆಚ್ಚಿನ ವೆಚ್ಚವೂ ಇಲ್ಲ. ರಾಜ್ಯೋತ್ಸವದಲ್ಲಿ ಭಾಷೆಯ ಅಳಿವು-ಉಳಿವಿನ ಕುರಿತು ಪ್ರತಿ ವರ್ಷ ಭಾಷಣವಿರುತ್ತದೆ. ಅದರ ಜತೆಗೆ ಒಂದು ತಾಸು ಅಜ್ಜ-ಅಜ್ಜಿಯರನ್ನೂ ಮೊಮ್ಮಕ್ಕಳನ್ನೂ ಎದುರುಬದುರಾಗಿ ಕೂರಿಸಬಹುದು. ಮಕ್ಕಳು ‘ಡೆಲುಲು’, ‘ರಿಜ್’ಗಳ ಅರ್ಥ ಹೇಳಲಿ, ಹಿರಿಯರು ಟೋಪಿ, ನಾಮ, ಕಾಗೆಗಳ ಅರ್ಥ ಹೇಳಲಿ. ‘ಅನ್‌ಅಲೈವ್’ ಎಂದು ಯಾರಾದರೂ ಬರೆದರೆ ಏನು ಮಾಡಬೇಕೆಂಬುದನ್ನೂ, ಪರದೆಯ ಮೇಲಿನ ಸಮವಸ್ತ್ರಕ್ಕೆ ಏನೆನ್ನಬೇಕೆಂಬುದನ್ನೂ ಅಲ್ಲಿಯೇ ಮಾತನಾಡಿಕೊಳ್ಳಬಹುದು. ಬ್ಯಾಂಕುಗಳ ಅಧಿಕೃತ ಜಾಲತಾಣಗಳ ವಿಳಾಸ ಈಗ ‘ಡಾಟ್ ಬ್ಯಾಂಕ್ ಡಾಟ್ ಇನ್’ ಎಂದು ಕೊನೆಗೊಳ್ಳುತ್ತದೆ; 2025ರ ಅಕ್ಟೋಬರ್ 31ರೊಳಗೆ ಹಾಗೆ ಬದಲಾಯಿಸಿಕೊಳ್ಳಬೇಕೆಂದು ರಿಸರ್ವ್ ಬ್ಯಾಂಕ್ ಗಡುವು ಕೊಟ್ಟಿತ್ತು. ಇದನ್ನು ಮೊಮ್ಮಗಳು ಅಜ್ಜನ ಫೋನಿನಲ್ಲಿ ಐದು ನಿಮಿಷದಲ್ಲಿ ತೋರಿಸಿಕೊಟ್ಟಾಳು.

ಹಣ ಹೋದದ್ದು ತಿಳಿದ ಕೂಡಲೇ ಕರೆ ಮಾಡಬೇಕಾದ ರಾಷ್ಟ್ರೀಯ ಸಂಖ್ಯೆ 1930. ಶಾಖೆ ತೆರೆಯುವವರೆಗೆ, ಮಗ ಊರಿನಿಂದ ಬರುವವರೆಗೆ ಕಾಯಬಾರದು. ದೂರು ಬೇಗ ತಲುಪಿದಷ್ಟೂ ಬಾಡಿಗೆ ಖಾತೆಯಲ್ಲಿಯೇ ಹಣವನ್ನು ತಡೆಹಿಡಿಯುವ ಸಾಧ್ಯತೆ ಹೆಚ್ಚು. ಆ ಕರೆಯಲ್ಲಿ ‘ನನ್ನನ್ನು ಡಿಜಿಟಲ್ ಅರೆಸ್ಟ್ ಮಾಡಿದ್ದರು’ ಎನ್ನುವ ಅಗತ್ಯವಿಲ್ಲ. ‘ಪೊಲೀಸರ ವೇಷ ಹಾಕಿ ಸುಲಿಗೆ ಮಾಡಿದರು’ ಎಂದರೆ ಸಾಕು.